ರಾತ್ರಿ ಪಾಳಿಯಲ್ಲಿ ನಾನು ಹುಡುಕಿದ ಸದ್ದುಗಳು

ನಾನು ಮಂಗಳೂರಿನಲ್ಲಿ ನರ್ಸಿಂಗ್ ಓದಿ ಅಮೆರಿಕಕ್ಕೆ ಬಂದವಳು. 2011ರಿಂದ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೇನೆ. ಸಂಜೆ ಏಳಕ್ಕೆ ಹೋದರೆ ಬೆಳಿಗ್ಗೆ ಏಳಕ್ಕೆ ಬಿಡುವು.

ಸೇರಿದ ಮರುವರ್ಷವೇ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಎಚ್‌ಕ್ಯಾಪ್ಸ್. ಆಸ್ಪತ್ರೆಯಲ್ಲಿದ್ದು ಮನೆಗೆ ಹೋದವರಿಗೆ ಕಳಿಸುವ ಪ್ರಶ್ನೆಪತ್ರ ಅದು. ದೇಶದಾದ್ಯಂತ 2006ರಿಂದಲೇ ಇತ್ತು, 2008ರಿಂದ ಫಲಿತಾಂಶವನ್ನು ಎಲ್ಲರೂ ನೋಡಬಹುದಿತ್ತು. ಆದರೆ 2012ರ ಅಕ್ಟೋಬರ್‌ನಿಂದ ಅದು ನೇರವಾಗಿ ಹಣಕ್ಕೆ ತಗುಲಿಕೊಂಡಿತು. 65 ದಾಟಿದವರಿಗೆ ಇಲ್ಲಿ ಮೆಡಿಕೇರ್ ಅನ್ನೋ ಸರ್ಕಾರಿ ವಿಮೆ ಇದೆ. ಅದು ಆಸ್ಪತ್ರೆಗೆ ಕೊಡುವ ಮೂಲ ಪಾವತಿಯಲ್ಲಿ ಮೊದಲ ವರ್ಷ 1 ಪರ್ಸೆಂಟ್ ಹಿಡಿದುಕೊಂಡಿತು. 2017ರ ಲೆಕ್ಕಕ್ಕೆ ಅದು 2 ಪರ್ಸೆಂಟ್ ಆಯಿತು. ಹೀಗೆ ಎಲ್ಲರಿಂದ ಹಿಡಿದ ಹಣವನ್ನು ಅಂಕ ನೋಡಿ ಹಂಚುತ್ತಾರೆ. ಚೆನ್ನಾಗಿ ಮಾಡಿದವರಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಬರುತ್ತೆ, ಹಿಂದೆ ಬಿದ್ದವರಿಗೆ ಕಡಿಮೆ. ಆ ಅಂಕದಲ್ಲಿ ರೋಗಿಗಳ ಅನುಭವದ, ಅಂದರೆ ಈ ಪ್ರಶ್ನೆಪತ್ರದ, ಪಾಲು ಈಗ ಕಾಲು ಭಾಗ.

ಶುರುವಿನಲ್ಲಿ ನಮಗೆಲ್ಲ ಒಂದು ಚೀಟಿ ಕೊಟ್ಟರು. ಕೋಣೆಯಿಂದ ಹೊರಡುವಾಗ 'ಇನ್ನೇನಾದರೂ ಬೇಕಾ? ನನಗೆ ಸಮಯ ಇದೆ' ಅಂತ ಹೇಳಬೇಕು, ಅಷ್ಟೇ. ನಾನೂ ಹೇಳಿದೆ. ಪಕ್ಕದ ಕೋಣೆಯ ಗಂಟೆ ಬಾರಿಸುತ್ತಿರುವಾಗ 'ನನಗೆ ಸಮಯ ಇದೆ' ಅನ್ನೋದು ರೋಗಿಗೂ ಸುಳ್ಳು ಅಂತ ಗೊತ್ತಾಗುತ್ತೆ, ಅಲ್ವಾ? ಅಂಕವೇನೂ ಏರಲಿಲ್ಲ.

ಆಮೇಲೆ ನಾನೇ ಕೂತು ಪ್ರಶ್ನೆಪತ್ರವನ್ನು ಪೂರ್ತಿ ಓದಿದೆ. ನನ್ನ ಮಟ್ಟಿಗೆ ಕೆಲಸ ಶುರುವಾಗಿದ್ದು ಅಲ್ಲಿಂದ. ಹೆಚ್ಚಿನ ಪ್ರಶ್ನೆಗಳು 'ನಿಮಗೆ ಖುಷಿ ಆಯಿತಾ' ಅಂತ ಕೇಳೋದೇ ಇಲ್ಲ. 'ಎಷ್ಟು ಸಲ' ಅಂತ ಕೇಳುತ್ತವೆ. ನರ್ಸುಗಳು ಗಮನವಿಟ್ಟು ಕೇಳಿಸಿಕೊಂಡಿದ್ದು ಎಷ್ಟು ಸಲ? ಅರ್ಥವಾಗುವ ಹಾಗೆ ಹೇಳಿದ್ದು ಎಷ್ಟು ಸಲ? ರಾತ್ರಿ ನಿಮ್ಮ ಕೋಣೆಯ ಸುತ್ತ ಸದ್ದಿಲ್ಲದೆ ಇದ್ದಿದ್ದು ಎಷ್ಟು ಸಲ? ಉತ್ತರಕ್ಕೆ ನಾಲ್ಕು ಆಯ್ಕೆ: ಎಂದೂ ಇಲ್ಲ, ಕೆಲವೊಮ್ಮೆ, ಸಾಮಾನ್ಯವಾಗಿ, ಯಾವಾಗಲೂ. ಹಣದ ಲೆಕ್ಕಕ್ಕೆ ಬರುವುದು 'ಯಾವಾಗಲೂ' ಮಾತ್ರ. ಅಂದರೆ ಮೂರು ರಾತ್ರಿಯಲ್ಲಿ ಎರಡು ರಾತ್ರಿ ಚೆನ್ನಾಗಿ ನೋಡಿಕೊಂಡರೆ ಸಾಲದು.

ನಮ್ಮ ವಾರ್ಡಿನಲ್ಲಿ ಎಲ್ಲಕ್ಕಿಂತ ಕೆಳಗಿದ್ದಿದ್ದು ರಾತ್ರಿಯ ಸದ್ದಿನ ಪ್ರಶ್ನೆ. ಅದು ನನ್ನ ಪಾಳಿ. ನನಗೆ ನಾಚಿಕೆಯಾಯಿತು. ಆದರೂ ಎಲ್ಲಿಂದ ಶುರು ಮಾಡುವುದು ಅಂತ ತಿಳಿಯಲಿಲ್ಲ. ಯಾಕಂದ್ರೆ ನಾವು ಕೇಳಿದರೆ ಎಲ್ಲರೂ 'ಚೆನ್ನಾಗಿದೆ' ಅನ್ನುತ್ತಿದ್ದರು.

ದಾರಿ ತೋರಿಸಿದ್ದು ಹಾಸನದ ಕಡೆಯ ಒಬ್ಬ ಅಜ್ಜಿ. ಮಗನ ಮನೆಗೆ ಬಂದವರು ಜ್ವರ ಜೋರಾಗಿ ನಮ್ಮಲ್ಲಿ ಸೇರಿದ್ದರು. ಫೋನಿನಲ್ಲಿ ದುಭಾಷಿ ಕೇಳಿದಾಗೆಲ್ಲ 'ಚೆನ್ನಾಗಿದೆ, ಏನೂ ತೊಂದರೆ ಇಲ್ಲ' ಅಂದಿದ್ದರು. ನಾನು ಕನ್ನಡದಲ್ಲಿ ಮಾತಾಡಿಸಿದೆ. ಕೈ ಹಿಡಿದುಕೊಂಡು ಹೇಳಿದರು: "ರಾತ್ರಿಯೆಲ್ಲಾ ಯಾವ್ದೋ ಮಿಷನ್ನು ಕೂಗ್ತಾನೇ ಇತ್ತು ಕಣವ್ವ. ಕಣ್ಣು ಮುಚ್ಚಕ್ಕೆ ಬಿಡ್ಲಿಲ್ಲ."

"ಮತ್ತೆ ಹೇಳ್ಬೇಕಿತ್ತಲ್ಲ ಅಜ್ಜಿ?"

"ಎಲ್ರೂ ಅಷ್ಟು ಚೆನ್ನಾಗಿ ಮಾತಾಡ್ಸ್ತಾರೆ. ಹೆಂಗವ್ವ ಹೇಳೋದು?"

ಮರುದಿನ ಅವರ ಎದುರಿನ ಕೋಣೆ ಖಾಲಿಯಾಯಿತು. ಮೇಲಿನವರ ಒಪ್ಪಿಗೆ ಪಡೆದು, ಬಿಡುವಿನ ಸಮಯದಲ್ಲಿ ನಾನು ಆ ಹಾಸಿಗೆಯಲ್ಲಿ ಮಲಗಿದೆ. ಬಾಗಿಲು ಅರ್ಧ ತೆರೆದು, ಕೈಯಲ್ಲಿ ಒಂದು ಕಾಗದ, ಪೆನ್ನು. ಕೇಳಿಸಿದ್ದನ್ನೆಲ್ಲ ಸಮಯ ಸಮೇತ ಬರೆದುಕೊಂಡೆ. ಐಸ್ ಮಿಷನ್ನಿನ ಧಡಧಡ. ಔಷಧದ ಡಬ್ಬಿ ಪೈಪಿನೊಳಗಿಂದ ಬಂದು ಬೀಳುವ ಸದ್ದು. ಒಂದು ಚಕ್ರ ಕಿರುಗುಟ್ಟುವ ಗಾಡಿ. ಒಂದು ಗಂಟೆಗೆ ನೆಲ ಉಜ್ಜುವ ಮಿಷನ್ನು. ಡ್ರಿಪ್ ಪಂಪಿನ ಬೀಪ್. ಮತ್ತೆ ನಮ್ಮ ಮಾತು! ಅಷ್ಟು ದೂರದ ಕೌಂಟರಿನಲ್ಲಿ ಆಡಿದ ಪ್ರತಿ ಮಾತೂ ಆ ದಿಂಬಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಇದು ನನಗೆ ತೀರಾ ಬೇಸರ ತಂದಿತು.

ಮುಂದಿನ ಎರಡು ತಿಂಗಳು ಆ ಕಾಗದವೇ ನನ್ನ ಕೆಲಸ. ಗಾಡಿಯ ಚಕ್ರ ಬದಲಾಯಿಸಿದ್ದು ಒಂದೇ ದಿನದಲ್ಲಿ ಆಯಿತು. ಡಬ್ಬಿ ಬೀಳುವ ಕಡೆ ದಪ್ಪ ಮೆತ್ತೆ ಹಾಕಿಸಿದೆವು. ನೆಲ ಉಜ್ಜುವವರ ಜೊತೆ ಮಾತಾಡಿ ಆ ಕೆಲಸವನ್ನು ಸಂಜೆಗೆ ತಂದೆವು. ಪಂಪಿನ ಚೀಲ ಖಾಲಿಯಾಗುವ ಹೊತ್ತನ್ನು ಮೊದಲೇ ಬರೆದಿಟ್ಟು, ಅದು ಕೂಗುವ ಮುಂಚೆಯೇ ಹೋಗುವ ಅಭ್ಯಾಸ ಮಾಡಿಕೊಂಡೆವು.

ಕಷ್ಟವಾಗಿದ್ದು ಬೆಳಗಿನ ಜಾವ ನಾಲ್ಕಕ್ಕೆ ರಕ್ತ ತೆಗೆಯುವುದು. ಡಾಕ್ಟರು ರೌಂಡ್ಸಿಗೆ ಬರುವಷ್ಟರಲ್ಲಿ ರಿಪೋರ್ಟ್ ಸಿದ್ಧ ಇರಬೇಕು ಅಂತ ಈ ಪದ್ಧತಿ. ಒಬ್ಬ ಹಿರಿಯ ಡಾಕ್ಟರ ಹತ್ತಿರ ಹೋಗಿ ನೇರವಾಗಿ ಕೇಳಿದೆ: "ನಾಳೆ ಮನೆಗೆ ಹೋಗುವವರನ್ನೂ ನಾಲ್ಕಕ್ಕೆ ಎಬ್ಬಿಸಬೇಕಾ?" ಯೋಚಿಸಿ, ಸ್ಥಿರವಾಗಿರುವವರಿಗೆ ಆರು ಗಂಟೆ ಸಾಕು ಅಂದರು. ಅಂಥವರನ್ನು ಬಿಪಿ ನೋಡಲು ನಡುರಾತ್ರಿ ಎಬ್ಬಿಸಬೇಡಿ ಅಂತ ಆರ್ಡರ್ ಬರೆಯಲೂ ಒಪ್ಪಿದರು. ಒಬ್ಬರು ಬರೆದ ಮೇಲೆ ಉಳಿದವರೂ ಬರೆದರು.

ಅಂಕ ನಿಧಾನಕ್ಕೆ ಏರಿತು. ಇದರಲ್ಲಿ ಆತುರ ಪಡಬಾರದು. ಒಂದು ವಾರ್ಡಿಗೆ ತಿಂಗಳಿಗೆ ಬರುವ ಉತ್ತರಗಳೇ ಬೆರಳೆಣಿಕೆ, ಇಬ್ಬರ ಉತ್ತರ ಬದಲಾದರೆ ಪರ್ಸೆಂಟು ಜಿಗಿದುಬಿಡುತ್ತೆ. ನಾನು ವರ್ಷದ ಲೆಕ್ಕ ಮಾತ್ರ ನೋಡುತ್ತೇನೆ.

ಈ ಪದ್ಧತಿಯಲ್ಲಿ ನನಗೆ ನೋವು ಕೊಟ್ಟ ವಿಷಯವೂ ಇತ್ತು. ಮೊದಲಿಗೆ ನೋವು ಕಡಿಮೆಯಾಯಿತಾ ಅನ್ನೋ ಪ್ರಶ್ನೆಗೂ ಹಣ ಕಟ್ಟಿದ್ದರು. ಅದೂ ಅಫೀಮು ಜಾತಿಯ ನೋವಿನ ಮಾತ್ರೆಗಳಿಂದ ಇಡೀ ದೇಶದಲ್ಲಿ ಜನ ಸಾಯುತ್ತಿದ್ದ ಕಾಲದಲ್ಲಿ! 2018ರ ಲೆಕ್ಕದಿಂದ ಅದನ್ನು ಪಾವತಿಯಿಂದ ಕೈಬಿಟ್ಟರು. ಮಾತ್ರೆ ಬೇಡ ಅನ್ನಬೇಕಾದ ಕಡೆ ಬೇಡ ಅನ್ನಲು ಅಂಕದ ಭಯ ಇರಕೂಡದು.

ಅಜ್ಜಿಗೆ ಆ ಪ್ರಶ್ನೆಪತ್ರ ಹೋಗಿದ್ದರೂ ಉತ್ತರ ಬರೆಯಲು ಆಗುತ್ತಿರಲಿಲ್ಲ. ಕನ್ನಡದಲ್ಲಿ ಅದು ಇಲ್ಲ, ಮಗ ಅವರ ಪರವಾಗಿ ಬರೆಯುವ ಹಾಗೂ ಇರಲಿಲ್ಲ. 2025ರ ಜನವರಿಯಿಂದ ಮನೆಯವರು ರೋಗಿಯ ಪರವಾಗಿ ಉತ್ತರಿಸಬಹುದು. ಬೇಕಾದಷ್ಟು ವಿಶ್ರಾಂತಿ ಸಿಕ್ಕಿತಾ ಅನ್ನೋ ಪ್ರಶ್ನೆಯೂ ಹೊಸದಾಗಿ ಸೇರಿದೆ.

ಈಗ ನಮ್ಮ ಪಾಳಿಗೆ ಹೊಸ ನರ್ಸ್ ಬಂದರೆ, ಖಾಲಿ ಕೋಣೆ ಸಿಕ್ಕ ಮೊದಲ ರಾತ್ರಿಯೇ ಕರೆದುಕೊಂಡು ಹೋಗುತ್ತೇನೆ. "ಹತ್ತು ನಿಮಿಷ ಸುಮ್ನೆ ಮಲಗಿ, ಏನೇನು ಕೇಳುತ್ತೆ ಬರೆಯಿರಿ" ಅಂತ ಕಾಗದ, ಪೆನ್ನು ಕೊಟ್ಟು ಬಾಗಿಲು ಅರ್ಧ ತೆರೆದಿಟ್ಟು ಬರುತ್ತೇನೆ.