ಪಾಲುಗೋಡೆ ಉಳಿಯಿತು, ದುಡ್ಡು ನನ್ನದೇ

ಪಕ್ಕದವರು ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ, ನಮ್ಮಿಬ್ಬರ ನಡುವಿನ ಗೋಡೆ ಉಳಿಯಲಿ ಅಂತ ಅವರ ಕೆಲಸಕ್ಕೆ ನಾನು ದುಡ್ಡು ಹಾಕಿದೆ. ಕೇಳಿದವರೆಲ್ಲ ನಕ್ಕರು. "ಗೋಡೆ ಬಿದ್ದರೆ ಅವರೇ ಕಟ್ಟಿಸಿಕೊಡಬೇಕು, ನಿಮಗೇನು ತಲೆ ಕೆಟ್ಟಿದೆಯಾ?" ಅಂತ ನಮ್ಮ ಭಾವ ನಾಲ್ಕು ಜನರ ಮುಂದೆ ಕೇಳಿದರು. ಈಗ ಎರಡು ಮಳೆಗಾಲ ಕಳೆದಿವೆ. ಗೋಡೆ ನೆಟ್ಟಗೆ ನಿಂತಿದೆ. ಅದೇ ಭಾವ ತಮ್ಮ ಸ್ನೇಹಿತರನ್ನು ಕರೆತಂದು ತಾವೇ ಮಾಡಿಸಿದ ಹಾಗೆ ತೋರಿಸುತ್ತಾರೆ. ಇರಲಿ.

ನಮ್ಮದು ಮೈಸೂರಿನ ಚಾಮುಂಡಿಪುರಂ ಕಡೆ, ವಠಾರ ಭಾಗವಾಗಿ ಉಳಿದ ಮನೆ. ನಡುವಿನ ಗೋಡೆ ಎರಡೂ ಮನೆಗೆ ಒಂದೇ. ಹದಿನಾಲ್ಕು ಇಂಚು ದಪ್ಪ, ಮೂವತ್ತು ಅಡಿ ಆಸುಪಾಸು ಉದ್ದ. ಮಣ್ಣಿನಲ್ಲಿ ಕಟ್ಟಿದ ನಾಡ ಇಟ್ಟಿಗೆ, ಮೇಲೆ ಗಾರೆ. ಎರಡೂ ಕಡೆಯ ತೊಲೆಗಳು ಅದರೊಳಗೇ ಕೂತಿವೆ. ಅವರ ಕಡೆಯ ತೊಲೆ ಕಿತ್ತ ದಿನ ಗೋಡೆಗೆ ಅರ್ಧ ಹಿಡಿತ ಹೋಯಿತು ಅಂತಲೇ ಲೆಕ್ಕ. ಇಂಥ ಮನೆಗಳಲ್ಲಿ ಇರುವವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ.

ಜಗಳ ಹತ್ತಿದ್ದು ಏಳು ಇಂಚಿಗೆ. ಗೋಡೆಯಲ್ಲಿ ಅರ್ಧ ಅವರದು, ಅದನ್ನು ಕೆತ್ತಿ ತೆಗೆದು ತಮ್ಮ ಕಾಲಮ್ಮು ಅಲ್ಲಿಂದಲೇ ಎಬ್ಬಿಸುತ್ತೇವೆ ಅಂದರು. "ನಮ್ಮ ಪಾಲು ನಮಗೆ ಬೇಕಲ್ವಾ ಸಾರ್" ಅನ್ನುವುದು ಅವರ ವಾದ. ಕಾಗದದ ಮೇಲೆ ಅದು ನ್ಯಾಯವೇ. ಆದರೆ ಮಣ್ಣುಗೋಡೆಯನ್ನು ಉದ್ದಕ್ಕೆ ಸೀಳಿದರೆ ಉಳಿದ ಅರ್ಧ ನಿಲ್ಲುವುದಿಲ್ಲ. ಇದನ್ನು ಅವರ ಇಂಜಿನಿಯರಿಗೆ ಹೇಳಿದರೆ, "ಪ್ಲಾಸ್ಟರ್ ಹೊಡೆದು ಕೊಡ್ತೀವಿ" ಅಂದರು. ಅಲ್ಲಿಗೆ ಅವರ ಜೊತೆ ಮಾತು ಮುಗಿಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೀದಿಯ ಹಿರಿಯರನ್ನು ಕೂರಿಸಿದೆ. ಕಾಫಿ ಖರ್ಚಾಯಿತು ಅಷ್ಟೆ. ಕಚೇರಿಗೆ ಅರ್ಜಿ ಕೊಟ್ಟೆ. ಬಂದವರು ನೋಡಿದರು, ಪ್ಲಾನ್ ಇದೆ ಅಂದರು, ಹೋದರು. ವಕೀಲರ ಕೈಯಲ್ಲಿ ನೋಟಿಸ್ ಕೊಡಿಸಿದೆ, ಅದಕ್ಕೆ ಐದಾರು ಸಾವಿರ. ನೋಟಿಸ್ ತಲುಪಿದ ಮೇಲೆ ಪಕ್ಕದವರು ಎದುರಿಗೆ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗತೊಡಗಿದರು. ಕಾನೂನು ನಮ್ಮ ಕಡೆ ಇರಲಿಲ್ಲ ಅಂತಲ್ಲ. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ, ಪಕ್ಕದ ಜಾಗದ ಆಸರೆಯನ್ನು ತಕರಾರಿಲ್ಲದೆ ಇಪ್ಪತ್ತು ವರ್ಷ ಪಡೆದ ಕಟ್ಟಡಕ್ಕೆ ಅದು ಹಕ್ಕಾಗುತ್ತದೆ. ನಮ್ಮ ಗೋಡೆಗೆ ಅದರ ನಾಲ್ಕು ಪಟ್ಟು ವಯಸ್ಸು. ಆದರೆ ವಕೀಲರೇ ಒಂದು ಮಾತು ಹೇಳಿದರು: "ಕೇಸು ಗೆಲ್ತೀರಿ ಸ್ವಾಮಿ. ಅಷ್ಟರಲ್ಲಿ ಗೋಡೆ ಇರುತ್ತೋ ಇಲ್ವೋ ನಾನು ಹೇಳಲಾರೆ." ಅವರಿಗೆ ಕೊಟ್ಟ ಫೀಸು ಆ ಒಂದು ಮಾತಿಗೇ ವಸೂಲಾಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೂವತ್ತು ಅಡಿ ಉದ್ದ, ಏಳು ಇಂಚು ಅಗಲ ಅಂದರೆ ಹದಿನೇಳೂವರೆ ಚದರಡಿ. ಇಡೀ ಜಗಳ ಇಷ್ಟು ಜಾಗಕ್ಕೆ! ನಮ್ಮ ಬೀದಿಯ ದರ ಹಿಡಿದರೂ ಲಕ್ಷ ದಾಟುವುದಿಲ್ಲ. ನೇರ ಹೋಗಿ ಹೇಳಿದೆ: ಗೋಡೆ ಮುಟ್ಟಬೇಡಿ, ನಿಮ್ಮ ಏಳು ಇಂಚಿಗೆ ದುಡ್ಡು ತೊಗೊಳ್ಳಿ. ಗೋಡೆಯಿಂದ ಎರಡು ಇಂಚು ಬಿಟ್ಟು ನಿಮ್ಮದನ್ನು ಎಬ್ಬಿಸಿ. ಪಾಯ ತೆಗೆಯುವಾಗ ಜಾಸ್ತಿ ಆಗುವ ಕೂಲಿ ನನ್ನದು. ಅವರು ಒಂದು ನಿಮಿಷ ನನ್ನ ಮುಖ ನೋಡಿದರು. ಚೌಕಾಸಿ ನಡೆದು ನಲವತ್ತು ಸಾವಿರದ ಸುತ್ತ ನಿಂತಿತು. ಸ್ಟಾಂಪ್ ಪೇಪರ್ ಮೇಲೆ ಬರೆಸಿ ಇಬ್ಬರೂ ಸಹಿ ಹಾಕಿದೆವು. ಬಿರುಕು ಬಿಟ್ಟರೆ ರಿಪೇರಿ ಅವರದು ಅಂತಲೂ ಅದರಲ್ಲೇ ಸೇರಿಸಿದೆ.

ಇನ್ನೊಂದು ಷರತ್ತು ಕಾಲದ್ದು. ಮೈಸೂರಿನವರಿಗೆ ಹಳೇ ಗೋಡೆ, ಮಳೆ ಎರಡರ ನಂಟು ಗೊತ್ತೇ ಇದೆ. ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜನ ಸತ್ತದ್ದು 2012ರ ಆಗಸ್ಟ್‌ನಲ್ಲಿ. ದೇವರಾಜ ಮಾರುಕಟ್ಟೆಯ ಒಂದು ಬದಿ ಬಿದ್ದದ್ದು 2016ರಲ್ಲಿ, ಅದೂ ಆಗಸ್ಟ್‌ನಲ್ಲೇ. ಹಾಗಾಗಿ ಸಂಕ್ರಾಂತಿ ಕಳೆದ ಮೇಲೆ ಕೆಡವಿ, ಭರಣಿ ಮಳೆಗೆ ಮುಂಚೆ ಗೋಡೆ ಪಕ್ಕದ ಗುಂಡಿಗಳೆಲ್ಲ ಮುಚ್ಚಿರಬೇಕು ಅಂತ ಹಠ ಹಿಡಿದೆ.

ಕೆಡವುವ ಮೊದಲೇ ನಮ್ಮ ಕಡೆಯ ಪ್ರತಿ ಬಿರುಕಿನ ಫೋಟೋ ತೆಗೆದೆ, ಅಂದಿನ ಪೇಪರನ್ನು ಪಕ್ಕದಲ್ಲಿ ಹಿಡಿಸಿಕೊಂಡು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ, ತಾರೀಕು. ನಂತರ ಗಾಜು. ಫೋಟೋ ಫ್ರೇಮ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡುಗಳು ಬಿಟ್ಟಿಯೇ ಸಿಗುತ್ತವೆ. ಒಂದಿಂಚು ಅಗಲದ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡು ತುದಿಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿದೆ. ಮೊದಲು ಎಂ-ಸೀಲ್ ಹಾಕಿ ನೋಡಿದ್ದೆ, ಸುಣ್ಣ ಬಳಿದ ಗೋಡೆಯಿಂದ ಪದರ ಸಮೇತ ಕಿತ್ತು ಬಂತು. ಸುಣ್ಣ ಕೆರೆದು ಗಾರೆ ಕಾಣಿಸಿದ ಮೇಲೆ ಅಂಟಿಸಿದರೆ ನಿಲ್ಲುತ್ತದೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಹೀಗೆ ಒಂಬತ್ತು ಕಡೆ ಹಾಕಿ, ಮೇಸ್ತ್ರಿಯ ಕೈಯಲ್ಲೇ ಪಕ್ಕದಲ್ಲಿ ಸಹಿ ಹಾಕಿಸಿದೆ. ಅಲ್ಲಿಂದ ಅವನು ದಿನಾ ಬಂದು ಗಾಜು ನೋಡುವುದು ಶುರುವಾಯಿತು. ನೋಟಿಸ್ ಮಾಡದ ಕೆಲಸ ಅದು ಮಾಡಿತು.

ಕೆಡವುವಾಗ ಜೆಸಿಬಿ ಗೋಡೆಯಿಂದ ನಾಲ್ಕು ಅಡಿ ಆಚೆಯೇ ನಿಂತಿತು. ಈಚೆಯದು ಪೂರ್ತಿ ಕೈಕೆಲಸ, ಹಾರೆ, ಉಳಿ, ಸುತ್ತಿಗೆ. ತೊಲೆ ಎಳೆಯುವ ಮೊದಲು ಅದರ ಸುತ್ತ ಬಿಡಿಸಿಕೊಂಡರು. ತೊಲೆ ಹೋದ ಗೂಡುಗಳನ್ನು ಅವತ್ತೇ ಇಟ್ಟಿಗೆ, ಸುಣ್ಣದ ಗಾರೆಯಲ್ಲಿ ತುಂಬಿಸಿದೆ. ಒಂದು ರಾತ್ರಿಯೂ ಖಾಲಿ ಬಿಡಬಾರದು.

ಆಸರೆಗೆ ಸರ್ವೆ ಮರದ ಕಂಬ ಓರೆಯಾಗಿ ಕೊಟ್ಟರು. ಮೊದಲನೇ ಸಲ ಕಂಬದ ಬುಡವನ್ನು ಕೆಡವಿದ ಮಣ್ಣಿನ ಮೇಲೇ ಇಟ್ಟಿದ್ದರು. ಹನಿ ಮಳೆಗೇ ಬುಡ ಇಳಿಯಿತು, ಎರಡು ಗಾಜು ಚಟ್ ಅಂದವು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಆ ಕೋಣೆಯಲ್ಲಿ ಮಲಗಲಿಲ್ಲ. ಬೆಳಿಗ್ಗೆ ಗಟ್ಟಿ ನೆಲದವರೆಗೆ ಅಗೆಸಿ, ಕಲ್ಲು ಚಪ್ಪಡಿ ಹಾಸಿ, ಅದರ ಮೇಲೆ ಬುಡ ಕೂರಿಸಿ ಜೋಡಿ ಬೆಣೆ ಹೊಡೆಸಿದೆ. ಮರ ಒಣಗಿದ ಹಾಗೆ ಬೆಣೆ ಸಡಿಲವಾಗುತ್ತದೆ. ದಿನಾ ಬೆಳಿಗ್ಗೆ ಸುತ್ತಿಗೆಯಿಂದ ಒಂದೆರಡು ಏಟು ಕೊಡುವುದು ನನ್ನ ಕೆಲಸವಾಯಿತು. ಆಮೇಲೆ ಒಂದು ಗಾಜೂ ಒಡೆಯಲಿಲ್ಲ.

ದುಡ್ಡು ನಿಜವಾಗಿ ಹೋದದ್ದು, ನಿಜವಾಗಿ ಉಳಿಸಿದ್ದು ಪಾಯದಲ್ಲಿ. ನಮ್ಮ ಹಳೇ ಕಲ್ಲುಪಾಯ ಮೂರಡಿ ಆಳ ಇದ್ದರೆ ಹೆಚ್ಚು. ಅವರ ಫುಟಿಂಗ್, ಅಂದರೆ ಕಾಲಮ್ಮಿನ ಬುಡದ ಕಾಂಕ್ರೀಟ್ ಪಾದ, ಐದಡಿಗಿಂತ ಆಳ. ಮೂವತ್ತು ಅಡಿ ಒಟ್ಟಿಗೆ ತೋಡಿದರೆ ನಮ್ಮ ಪಾಯದ ಕೆಳಗಿನ ಮಣ್ಣು ಗುಂಡಿಗೆ ಜಾರುತ್ತದೆ, ಗೋಡೆ ಹಿಂದೆಯೇ ಬರುತ್ತದೆ. ಎರಡು ಬದಲಾವಣೆ ಮಾಡಿಸಿದೆ. ಸಾಧ್ಯವಾದ ಕಡೆ ಫುಟಿಂಗನ್ನು ಒಳಕ್ಕೆ ಸರಿಸಿ ಸ್ಟ್ರಾಪ್ ಬೀಮ್, ಅಂದರೆ ಒಂದು ಫುಟಿಂಗನ್ನು ಇನ್ನೊಂದಕ್ಕೆ ಬೆಸೆಯುವ ಕಾಂಕ್ರೀಟ್ ತೊಲೆ, ಕೊಟ್ಟರು. ಇದಕ್ಕೆ ಬೇರೆ ಇಂಜಿನಿಯರ್ ಹತ್ತಿರ ಡ್ರಾಯಿಂಗ್ ತಿದ್ದಿಸಬೇಕಾಯಿತು, ಫೀಸು ನನ್ನದೇ. ಸರಿಸಲಾಗದ ಕಡೆ ಗುಂಡಿಯನ್ನು ಬಿಟ್ಟು ಬಿಟ್ಟು ತೋಡಿಸಿದೆ. ನಾಲ್ಕು ಅಡಿ ಅಗೆ, ಎಂಟು ಅಡಿ ಬಿಡು, ಮತ್ತೆ ನಾಲ್ಕು ಅಡಿ. ಕಾಂಕ್ರೀಟ್ ಹಾಕಿ, ಗಟ್ಟಿಯಾಗಿ, ಮಣ್ಣು ತುಂಬಿ ದಿಮ್ಮಸು ಹೊಡೆದ ಮೇಲೆಯೇ ಪಕ್ಕದ ಗುಂಡಿ. ಜೆಸಿಬಿ ಒಂದು ಬೆಳಿಗ್ಗೆಯಲ್ಲಿ ಮುಗಿಸುವುದು ಮೂರು ವಾರ ಹಿಡಿಯಿತು. ಮೇಸ್ತ್ರಿ ಗೊಣಗಿದ. "ಇದು ಯಾವೂರ ಪದ್ಧತಿ ಸಾರ್?" ಅಂದ. ಮೇಸ್ತ್ರಿಗೆ ಸಾವಿರದ ಹತ್ತಿರ, ಆಳಿಗೆ ಆರುನೂರು ಏಳುನೂರು, ಹೀಗೆ ಜಾಸ್ತಿ ಕೂಲಿ ಇಪ್ಪತ್ತೈದು ಸಾವಿರ ದಾಟಿತು. ಅವನನ್ನು ಒಪ್ಪಿಸಲು ಇನ್ನೊಂದು ಉಪಾಯ ಮಾಡಿದ್ದೆ. ಅದನ್ನು ಇಲ್ಲಿ ಬರೆದರೆ ಮುಂದಿನ ಸಲ ಅವನು ನನಗೇ ತಿರುಗಿಸುತ್ತಾನೆ, ಬೇಡ.

ಬಯಲಾದ ಮಣ್ಣುಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಯಲು ಬಂದಿದ್ದರು. ಒಂದು ಮೂಲೆಯಲ್ಲಿ ಹೊಡೆಯಲು ಬಿಟ್ಟೆ. ತಿಂಗಳೊಳಗೆ ಹಪ್ಪಳದ ಹಾಗೆ ಎದ್ದು ಬಂತು. ಉಳಿದದ್ದಕ್ಕೆ ಸುಣ್ಣ. ಇಲ್ಲಿ ನನಗೂ ಸ್ವಲ್ಪ ಹುಚ್ಚು ಹಿಡಿಯಿತು. ಹಳೇ ಕಾಲದವರು ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರಲ್ಲ, ಅದನ್ನೇ ಮಾಡೋಣ ಅಂತ ಮಂಡ್ಯದಿಂದ ಅಚ್ಚುಬೆಲ್ಲ ತರಿಸಿದೆ. ಬೆಲ್ಲ ಜಾಸ್ತಿ ಬಿದ್ದ ತುಂಡಿಗೆ ಮೊಹಲ್ಲದ ಇರುವೆಯೆಲ್ಲ ಬಂತು. ಕಡಿಮೆ ಹಾಕಿದ ತುಂಡು ಕಲ್ಲಾಗಿದೆ, ಮೊಳೆ ಇಳಿಯುವುದಿಲ್ಲ. ಅಳತೆ ಕೇಳಬೇಡಿ, ಸುಣ್ಣ ನೋಡಿ ಹದ ಬದಲಾಗುತ್ತದೆ. ಕೊನೇ ಪದರಕ್ಕೆ ಸೇರಿಸಿದ್ದು ಇನ್ನೊಂದಿದೆ, ಅದು ನಮ್ಮ ಮನೆಯ ಗುಟ್ಟು.

ಎರಡು ಇಂಚಿನ ಸಂದನ್ನು ಸಿಮೆಂಟ್‌ನಿಂದ ತುಂಬಬೇಡಿ. ಹೊಸ ಕಟ್ಟಡ ಮೊದಮೊದಲು ಕೆಳಗೆ ಕೂರುತ್ತದೆ. ಅಂಟಿಕೊಂಡಿದ್ದರೆ ಹಳೇ ಗೋಡೆಯನ್ನೂ ಎಳೆಯುತ್ತದೆ. ಅವರ ಗೋಡೆ ಏಳುವಾಗ ನಡುವೆ ಥರ್ಮಾಕೋಲ್ ಹಾಳೆ ಇಟ್ಟರೆ ಗಾರೆ ಒಳಗೆ ಬೀಳುವುದಿಲ್ಲ. ಮೇಲೆ ನೀರು ಇಳಿಯದ ಹಾಗೆ ಕಲಾಯಿ ತಗಡು. ತಗಡಿನ ಒಂದು ಅಂಚು ಅವರ ಗೋಡೆಯಲ್ಲಿ ಕೊರೆದ ಸೀಳಿನೊಳಗೆ, ಇನ್ನೊಂದು ನಮ್ಮ ಕಡೆ ಸುಮ್ನೆ ಬಾಗಿ ಕೂತಿದೆ. ಎರಡೂ ಕಡೆ ಮೊಳೆ ಹೊಡೆದರೆ ಹರಿಯುತ್ತದೆ.

ಎಲ್ಲ ಸೇರಿ ಎಂಬತ್ತು, ಎಂಬತ್ತೈದು ಸಾವಿರ ಆಗಿರಬೇಕು. ಇಂಥದ್ದೇ ಗೋಡೆಗೆ ನಮ್ಮ ಸಂಬಂಧಿಕರೊಬ್ಬರು ಕೋರ್ಟಿಗೆ ಹೋದರು. ಫೀಸಿಗೇ ಅದಕ್ಕಿಂತ ಜಾಸ್ತಿ ಹೋಗಿದೆ, ಗೋಡೆಗೆ ಟಾರ್ಪಾಲು ಹೊದಿಸಿಕೊಂಡು ಕೂತಿದ್ದಾರೆ. ನಮ್ಮ ಪಕ್ಕದವರು ಈಗ ಮೇಲೆ ಇನ್ನೊಂದು ಮಹಡಿ ಎತ್ತುತ್ತಾರಂತೆ. ಎತ್ತಲಿ, ಭಾರ ಅವರ ಕಾಲಮ್ಮಿನ ಮೇಲೆ. ಆ ಗಲಾಟೆಯಲ್ಲಿ ತಗಡು ಬಗ್ಗಿದರೆ ಹೊಸದು ಹಾಕಿಸುವ ಖರ್ಚು ಮಾತ್ರ ಈ ಸಲ ಅವರದು, ಈಗಲೇ ಹೇಳಿಟ್ಟಿದ್ದೇನೆ.