ಅಪ್ಪ ಬಿಟ್ಟುಹೋದ ಮನೆಯ ಮಕ್ಕಳಿಗೆ ತಿಂಗಳ ನೆರವು: ಅರ್ಹತೆ ನೋಡುವುದು ಹೇಗೆ?

ಪಾಠ ಮಾಡಿದ್ದಕ್ಕಿಂತ ಅರ್ಜಿ ತುಂಬಿದ್ದೇ ಜಾಸ್ತಿ ಅಂತ ನನಗೆ ಆಗಾಗ ಅನ್ನಿಸುತ್ತದೆ. ನಾನು ಟೀಚರ್ ಆಗಿದ್ದದ್ದು ಕೊಡಗಿನ ಸಿದ್ದಾಪುರದ ಕಡೆ. ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಬರುವ ಮಕ್ಕಳೇ ಹೆಚ್ಚು. ಪ್ರತಿ ವರ್ಷ ಎರಡು ಮೂರು ಮನೆಯಲ್ಲಾದರೂ ಅಪ್ಪ ಬಿಟ್ಟುಹೋಗಿರುತ್ತಿದ್ದ, ಇಲ್ಲವೇ ಅಮ್ಮ ತವರಿಗೆ ಬಂದು ಕೂತಿರುತ್ತಿದ್ದಳು. ಇಂಥ ಮಕ್ಕಳಿಗೆ ಸರ್ಕಾರದ ಪ್ರಾಯೋಜಕತ್ವ ಯೋಜನೆ ಇದೆ. ಮಿಷನ್ ವಾತ್ಸಲ್ಯ ಅಂತಾರಲ್ಲ, ಅದರ ಅಡಿಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ದುಡ್ಡು ಸಿಗಬೇಕಾದವರೇ ಅರ್ಜಿ ಕೆಡಿಸಿಕೊಳ್ಳುವುದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಯಸ್ಸು

ಮಗುವಿಗೆ 18 ತುಂಬಿರಬಾರದು. ಜನನ ಪ್ರಮಾಣಪತ್ರ ನೋಡಿ, ಮುಂದೆ ಹೋಗಿ. 18 ದಾಟಿದವರ ವಿಷಯ ಕೊನೆಯಲ್ಲಿದೆ.

ಆಮೇಲೆ ಮನೆಯ ಸ್ಥಿತಿ

ನಿಯಮದಲ್ಲಿ ಹೇಳಿರುವುದು ಹೀಗೆ: ತಾಯಿ ವಿಧವೆಯಾಗಿರಬೇಕು, ವಿಚ್ಛೇದಿತೆಯಾಗಿರಬೇಕು ಅಥವಾ ಮನೆಯವರು ಕೈಬಿಟ್ಟವಳಾಗಿರಬೇಕು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡು ಅಜ್ಜಿ, ದೊಡ್ಡಮ್ಮ, ಮಾವನ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳೂ ಸೇರುತ್ತಾರೆ. ತಂದೆ ತಾಯಿಗೆ ಪ್ರಾಣಕ್ಕೇ ಕುತ್ತು ತರುವ ಕಾಯಿಲೆ ಇದ್ದರೂ, ಮೈಯಲ್ಲಿ ಶಕ್ತಿಯಿಲ್ಲದೆ ಮಕ್ಕಳನ್ನು ಸಾಕಲು ಆಗದಿದ್ದರೂ ಸರಿ. ಅಪ್ಪ ಅಮ್ಮ ಇಬ್ಬರೂ ಇದ್ದೂ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೇಳಿಕೊಳ್ಳಿ. ರಕ್ಷಣೆ ಬೇಕಾದ ಮಗು ಹೌದೋ ಅಲ್ಲವೋ ಅಂತ ತೀರ್ಮಾನ ಮಾಡುವುದು ಅವರೇ.

‘ಕೈಬಿಟ್ಟ’ ಅನ್ನುವ ಮಾತನ್ನು ಇನ್ನೊಮ್ಮೆ ಓದಿ. ಕೋರ್ಟಿನ ವಿಚ್ಛೇದನ ಪತ್ರ ಇದ್ದರೆ ಮಾತ್ರ ಅರ್ಜಿ ಅಂತ ಊರಲ್ಲಿ ಯಾರೋ ಹೇಳಿರುತ್ತಾರೆ. ಆ ಮಾತು ನಂಬಿ ಐದಾರು ವರ್ಷ ಸುಮ್ನೆ ಕೂತವರಿದ್ದಾರೆ. ಅಷ್ಟರಲ್ಲಿ ಮಗುವಿಗೆ 18 ಆಗಿ ಹೋಗಿರುತ್ತದೆ.

ಆದಾಯದ ಲೆಕ್ಕ

ಹಳ್ಳಿಯಲ್ಲಿ ವರ್ಷಕ್ಕೆ 72,000 ರೂಪಾಯಿ, ಉಳಿದ ಕಡೆ 96,000. ಇದು ಮಿತಿ. ಮಗುವನ್ನು ಈಗ ಯಾರು ಸಾಕುತ್ತಿದ್ದಾರೋ ಅವರ ಆದಾಯ ಲೆಕ್ಕ ಹಾಕಿ. ಹೋದ ಗಂಡಸು ಒಂದು ಪೈಸೆ ಕಳಿಸದಿದ್ದರೆ ಅವನ ಸಂಬಳವನ್ನು ನೀವಾಗಿ ತಂದು ಸೇರಿಸಬೇಡಿ. ಕಳಿಸುತ್ತಿದ್ದರೆ ಎಷ್ಟು ಅಂತ ಬರೆಯಿರಿ, ಮುಚ್ಚಿಡಬೇಡಿ.

ನಮ್ಮ ಕಡೆ ಜಾಸ್ತಿ ತಪ್ಪಾಗುವುದು ಇಲ್ಲೇ. ‘ತಿಂಗಳಿಗೆ ಎಷ್ಟಮ್ಮಾ ಬರುತ್ತೆ?’ ಅಂತ ಜನವರಿಯಲ್ಲಿ ಕೇಳಿದರೆ ಕಾಫಿ ಕೊಯ್ಲಿನ ಲೆಕ್ಕ ಹೇಳುತ್ತಾರೆ. ಸುಲಭಕ್ಕೆ ದಿನಗೂಲಿ 400 ರೂಪಾಯಿ ಅಂತ ಇಟ್ಟುಕೊಳ್ಳೋಣ. ಕೊಯ್ಲಿನ ತಿಂಗಳಲ್ಲಿ 24 ದಿನ ಕೆಲಸ, ಅಂದರೆ 9,600. ಅದನ್ನು 12ರಿಂದ ಗುಣಿಸಿದರೆ 1,15,200. ಅಲ್ಲಿಗೆ ಅರ್ಜಿ ಮುಗಿಯಿತು. ಆದರೆ ಜೂನ್, ಜುಲೈ, ಆಗಸ್ಟಿನಲ್ಲಿ ಮಳೆ ಹಿಡಿದುಕೊಂಡರೆ ತಿಂಗಳಿಗೆ ಎಂಟು ದಿನ ಕೆಲಸ ಸಿಕ್ಕರೆ ದೊಡ್ಡದು, ಅಲ್ವಾ? ಕೊಯ್ಲಿನ ಮೂರು ತಿಂಗಳಿಗೆ 72 ದಿನ, ಮಳೆಯ ಮೂರು ತಿಂಗಳಿಗೆ 24 ದಿನ, ಉಳಿದ ಆರು ತಿಂಗಳು 13 ದಿನದ ಹಾಗೆ 78 ದಿನ. ಒಟ್ಟು 174 ದಿನ. ಆದಾಯ 69,600. ಅದೇ ಮನೆ, ಅದೇ ಕೂಲಿ, ಈಗ ಮಿತಿಯೊಳಗೆ ಬಂತು. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹಾಜರಿ ಲೆಕ್ಕ ಇರುತ್ತದೆ. ಒಂದು ವರ್ಷದ್ದು ಕೇಳಿ ಬರೆದುಕೊಳ್ಳಿ. ಬಾಯಿಲೆಕ್ಕ ಬೇಡ.

ಇನ್ನು ಕೆಲವರು ಉಲ್ಟಾ. ವರ್ಷಕ್ಕೆ 12,000 ಆದಾಯ ಅಂತ ಬರೆಸಿಕೊಂಡು ಬರುತ್ತಾರೆ. ದಿನಕ್ಕೆ 33 ರೂಪಾಯಿಯಲ್ಲಿ ಮೂರು ಜನ ಹೇಗೆ ಊಟ ಮಾಡುತ್ತೀರಿ ಅಂತ ಮನೆ ನೋಡಲು ಬಂದವರು ಕೇಳಿದರೆ ಏನು ಹೇಳುತ್ತೀರಿ? ಇದ್ದದ್ದು ಬರೆಯಿರಿ. ಗಂಡನ ದುಡಿಮೆ ಸೇರಿಸಿ ಮಾಡಿಸಿದ ಹಳೇ ಆದಾಯ ಪ್ರಮಾಣಪತ್ರ ಇದ್ದರೆ, ಅದರ ಅವಧಿ ಮುಗಿಯದಿದ್ದರೂ ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಿ. ಗ್ರಾಮ ಆಡಳಿತ ಅಧಿಕಾರಿ ವಿಚಾರಣೆಗೆ ಬಂದಾಗ ‘ಗಂಡ ಜೊತೆಯಲ್ಲಿಲ್ಲ’ ಅಂತ ಬಾಯಿಬಿಟ್ಟು ಹೇಳಿ.

ಮನೆ ಭೇಟಿ

ಅರ್ಜಿ ನಿಲ್ಲುವುದು ಬೀಳುವುದು ಇಲ್ಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ. ಮಗು ಎಲ್ಲಿ ಮಲಗುತ್ತದೆ, ಯಾರು ಅಡುಗೆ ಮಾಡುತ್ತಾರೆ, ಸ್ಕೂಲಿಗೆ ಯಾರು ಕಳಿಸುತ್ತಾರೆ, ಅಪ್ಪ ಕೊನೆಯ ಸಲ ಯಾವಾಗ ಬಂದಿದ್ದ, ಎಲ್ಲ ಕೇಳುತ್ತಾರೆ.

ಒಂದು ಮನೆಗೆ ನಾನೂ ಅವರ ಜೊತೆ ಹೋಗಿದ್ದೆ. ನಮ್ಮ ಏಳನೇ ಕ್ಲಾಸಿನ ಹುಡುಗಿಯ ಮನೆ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಒಳಗೆ ಹೋದರೆ ಬಾಗಿಲ ಹಿಂದಿನ ಮೊಳೆಯಲ್ಲಿ ಗಂಡಸಿನ ಷರ್ಟ್ ನೇತಾಡುತ್ತಿತ್ತು. ಕಾಲರ್ ಮೇಲೆ ಬೂಷ್ಟು. ಟ್ರಂಕಿನಲ್ಲಿದ್ದದ್ದನ್ನು ಅವತ್ತು ಬೆಳಿಗ್ಗೆ ತೆಗೆದು ಹಾಕಿದ್ದು ಅಂತ ಕಣ್ಣಿಗೇ ಗೊತ್ತಾಗುತ್ತಿತ್ತು. ‘ಯಜಮಾನರು ಎಲ್ಲಿ?’ ಅಂತ ಕೇಳಿದರೆ ಆಕೆ, ‘ಕೇರಳಕ್ಕೆ ಕೆಲಸಕ್ಕೆ ಹೋಗಿದ್ದಾರೆ ಮೇಡಂ, ಹಬ್ಬಕ್ಕೆ ಬರುತ್ತಾರೆ’ ಅಂದಳು. ಪಕ್ಕದ ಲೈನಿನವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮರ್ಯಾದೆಗೆ ಅಂಜಿ ಹೇಳಿದ ಮಾತು, ನನಗೆ ಗೊತ್ತು. ಆದರೆ ವರದಿಯಲ್ಲಿ ‘ತಂದೆ ಹೊರರಾಜ್ಯದಲ್ಲಿ ದುಡಿಯುತ್ತಿದ್ದಾರೆ’ ಅಂತ ಬಿತ್ತು. ಅರ್ಜಿ ವಾಪಸ್ ಬಂತು. ನಾನು ಬಾಯಿ ಹಾಕದೆ ನಿಂತಿದ್ದೆ, ಅದು ನನ್ನ ತಪ್ಪು. ಮುಂದಿನ ಸಲ ಆಕೆಯನ್ನು ಸ್ಕೂಲಿಗೆ ಕರೆಸಿ, ಬಾಗಿಲು ಹಾಕಿಕೊಂಡು ಮಾತಾಡಿಸಿದೆವು. ಆಮೇಲೆ ಮಂಜೂರಾಯಿತು.

ಅದಕ್ಕೇ ಹೇಳುವುದು, ಅಕ್ಕಪಕ್ಕದವರು ಕೇಳಿಸಿಕೊಳ್ಳುತ್ತಾರೆ ಅಂತ ಹಿಂಜರಿಕೆ ಇದ್ದರೆ ‘ಮೇಡಂ, ಒಂದು ನಿಮಿಷ ಬೇರೆ ಮಾತಾಡಬೇಕು’ ಅನ್ನಿ. ಅವರು ಬೇಡ ಅನ್ನುವುದಿಲ್ಲ. ಗಂಡ ಹೋದ ತಿಂಗಳು, ವರ್ಷ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಕೇಳಿದಾಗ ತಡವರಿಸಬಾರದು. ಪೊಲೀಸ್ ಠಾಣೆಗೆ ಕೊಟ್ಟ ದೂರಿನ ಪ್ರತಿ, ಜೀವನಾಂಶದ ಕೇಸಿನ ಪ್ರತಿ ಇದ್ದರೆ ತೋರಿಸಿ, ಮಾತಿಗೆ ಬಲ ಬರುತ್ತದೆ. ಮಗುವನ್ನು ಮಾತ್ರ ಮುಂದೆ ಕೂರಿಸಿ ‘ನಿಮ್ಮಪ್ಪ ಏನು ಮಾಡಿದ ಹೇಳು’ ಅಂತ ಬಾಯಿಪಾಠ ಒಪ್ಪಿಸಬೇಡಿ. ನನಗೆ ಅದನ್ನು ಕಂಡರೆ ಆಗುವುದಿಲ್ಲ.

ಕಾಗದಪತ್ರ

ಮಗುವಿನ ಆಧಾರ್, ಜನನ ಪ್ರಮಾಣಪತ್ರ, ತಾಯಿಯ ಅಥವಾ ಪೋಷಕರ ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಸ್ಕೂಲಿನ ವ್ಯಾಸಂಗ ಪ್ರಮಾಣಪತ್ರ, ಫೋಟೊ, ಪಾಸ್‌ಬುಕ್. ಯಾರಾದರೂ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ. ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಹಾಗೇ ಇದ್ದರೆ ಅರ್ಜಿ ಕೊಡುವಾಗಲೇ ಹೇಳಿಬಿಡಿ. ಅವರೇ ಕಂಡುಹಿಡಿದು ಕೇಳುವವರೆಗೆ ಕಾಯಬೇಡಿ.

ಒಂದು ಮಾತು. ನಮ್ಮ ಮಳೆಗೆ ಹೆದರಿ ಕಂಡದ್ದನ್ನೆಲ್ಲ ಲ್ಯಾಮಿನೇಷನ್ ಮಾಡಿಸುವ ಅಭ್ಯಾಸ ಬಿಡಿ. ಆಮೇಲೆ ಅದರ ಮೇಲೆ ಸೀಲೂ ಒತ್ತಲಾಗುವುದಿಲ್ಲ, ಸಹಿಯೂ ಹಾಕಲಾಗುವುದಿಲ್ಲ. ಹತ್ತು ರೂಪಾಯಿಯ ತೆಳು ಪ್ಲಾಸ್ಟಿಕ್ ಕವರ್ ಅಂತೂ ಬೇಡವೇ ಬೇಡ. ಥಂಡಿಯಲ್ಲಿ ಜೆರಾಕ್ಸಿನ ಮಸಿ ಅದಕ್ಕೆ ಅಂಟಿಕೊಂಡು ಕಾಗದ ಬಿಳಿಯಾಗಿ ಈಚೆ ಬರುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಪೇಪರ್ ಸುತ್ತಿಡಿ.

ಎಲ್ಲಿ ಕೊಡುವುದು

ಮಡಿಕೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಅಲ್ಲಿಯವರೆಗೆ ಹೋಗಲು ಒಂದು ದಿನದ ಕೂಲಿ ಹೋಗುತ್ತದೆ ಅನ್ನುವವರು ಮೊದಲು ಅಂಗನವಾಡಿ ಟೀಚರ್ ಹತ್ತಿರ ಕೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕೊನೆಯ ಒಪ್ಪಿಗೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸಮಿತಿಯದ್ದು. ‘ಸಾಹೇಬರು ಗೊತ್ತು, ಎರಡು ಸಾವಿರ ಕೊಡಿ’ ಅನ್ನುವವನಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ, ಅಷ್ಟು ಸಾಕು. ವಾಟ್ಸ್ಆ್ಯಪ್‌ನಲ್ಲಿ ‘ಅಪ್ಪ ಇಲ್ಲದ ಎಲ್ಲ ಮಕ್ಕಳಿಗೂ ದುಡ್ಡು, ನಾಳೆಯೇ ಕಡೇ ದಿನ’ ಅಂತ ಬರುತ್ತದಲ್ಲ, ಅದನ್ನು ಅಳಿಸಿಹಾಕಿ. ಮಂಜೂರಾದ ಮೇಲೆ ಹಣ ಖಾತೆಗೇ ಬರುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಮೊದಲೇ ಬ್ಯಾಂಕಿನಲ್ಲಿ ಕೇಳಿಟ್ಟುಕೊಳ್ಳಿ.

ಮಗು ತಪ್ಪದೆ ಸ್ಕೂಲಿಗೆ ಹೋಗುತ್ತಿರಬೇಕು. ಕೊಯ್ಲಿನ ಸಮಯದಲ್ಲಿ ‘ಹದಿನೈದು ದಿನ ಹಣ್ಣು ಕೊಯ್ಯಲಿ ಬಿಡಿ ಟೀಚರ್’ ಅಂತ ರಜೆ ಹಾಕಿಸಿದರೆ ಆ ಕೂಲಿಗಿಂತ ಜಾಸ್ತಿ ಕಳೆದುಕೊಳ್ಳುತ್ತೀರಿ.

18 ದಾಟಿದ್ದರೆ

ಪ್ರಾಯೋಜಕತ್ವ ಇಲ್ಲ. ಬಾಲಮಂದಿರದಂಥ ಕಡೆ ಬೆಳೆದು ಈಚೆ ಬಂದವರಿಗೆ ಮಾತ್ರ 21ರವರೆಗೆ, ತೀರಾ ಅಗತ್ಯ ಇದ್ದರೆ 23ರವರೆಗೆ, ಅನುಪಾಲನೆ ಅಂತ ಬೇರೆ ನೆರವಿದೆ. ಮನೆಯಲ್ಲೇ ಇರುವ ಕಾಲೇಜು ಮಕ್ಕಳು ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಸ್ಕಾಲರ್‌ಶಿಪ್‌ಗೆ ಹಾಕಬಹುದು. ಅಲ್ಲಿಯೂ ಹೊಸ ಆದಾಯ ಪ್ರಮಾಣಪತ್ರವೇ ಕೊಡಿ.

ಅಪ್ಪನ ಹತ್ತಿರ ದುಡ್ಡಿದ್ದೂ ಕೊಡುತ್ತಿಲ್ಲವಾದರೆ ಕೇಳುವ ದಾರಿ ಜೀವನಾಂಶ. ಅಪ್ರಾಪ್ತ ಮಕ್ಕಳ ಪರವಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ನಿನಲ್ಲಿ ಕೇಳಬಹುದು. 2024ರ ಜುಲೈಗೆ ಮೊದಲು ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಸೆಕ್ಷನ್ 125 ಅಂತಿದ್ದದ್ದು ಇದೇ. ಮದುವೆಯಾಗದ, ಸ್ವಂತ ದುಡಿಮೆ ಇಲ್ಲದ ಹಿಂದೂ ಹೆಣ್ಣುಮಗಳು 18 ದಾಟಿದ ಮೇಲೂ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಕೇಳಬಹುದು. ತಡ ಮಾಡಬೇಡಿ. ಅರ್ಜಿ ಹಾಕಿದ ದಿನದಿಂದ ಜೀವನಾಂಶ ಲೆಕ್ಕ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅರ್ಜಿ ಹಾಕದೆ ಕೂತ ತಿಂಗಳುಗಳದ್ದು ಹೋಯಿತು ಅಂತಲೇ ಲೆಕ್ಕ. ವಕೀಲರಿಗೆ ಫೀಸು ಎಲ್ಲಿಂದ ತರಲಿ ಅಂತ ಕೇಳುತ್ತಾರೆ. ಹೆಂಗಸರಿಗೆ, ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ, ಅದಕ್ಕೆ ಆದಾಯದ ಮಿತಿಯೇ ಇಲ್ಲ. ಫೋನ್ 15100. ತಾಲೂಕು ಕೋರ್ಟಿಗೆ ಹೋದರೆ ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ.