ಹಳೇ ಮನೆಗಳ ಸರಣಿ: ವಯಸ್ಸಿನ ಸಾಕ್ಷಿ ಹುಡುಕುತ್ತಾ

ಹಳೇ ಮನೆಯ ಅಂಗಳದಲ್ಲಿ ಕ್ಯಾಮೆರಾ ಇಳಿಸಿದ ತಕ್ಷಣ ಯಜಮಾನರಿಂದ ಬರುವ ಮೊದಲ ಮಾತು ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. "ಇದು ನಾನೂರು ವರ್ಷದ ಮನೆ ಕಣ್ರೀ." ಕೆಲವು ಕಡೆ ಐನೂರು ಆಗುತ್ತದೆ. ಅದನ್ನೇ ಮೈಕಿಗೆ ಇನ್ನೊಮ್ಮೆ ಹೇಳಿಸಿ, ಹಿಂದೆ ಕೊಳಲು ಹಾಕಿ, ಮೇಲಿಂದ ಒಂದು ಡ್ರೋನ್ ಶಾಟ್ ಅಂಟಿಸಿದರೆ ಕಂತು ರೆಡಿ. ತುಂಬಾ ಜನ ಹಾಗೇ ಮಾಡ್ತಾರೆ, ಪಾಪ, ಅವರಿಗೆ ಸಮಯ ಇರಲ್ಲ. ಕರ್ನಾಟಕದ ಹಳೇ ಮನೆಗಳ ಬಗ್ಗೆ ಟಿವಿಗೆ ಸಾಕ್ಷ್ಯಚಿತ್ರ ಸರಣಿ ಮಾಡಲು ಹೊರಟಾಗ ನಮ್ಮ ತಂಡ ಒಂದು ನಿಯಮ ಇಟ್ಟುಕೊಂಡಿತು. ಮನೆಯ ವಯಸ್ಸಿಗೆ ಸಾಕ್ಷಿ ತೆರೆಯ ಮೇಲೆ ಕಾಣಬೇಕು. ಕಾಣದಿದ್ದರೆ ಆ ಅಂಕಿ ನಿರೂಪಣೆಗೆ ಬರಬಾರದು.

ಈ ಒಂದು ನಿಯಮದಿಂದ ಚಿತ್ರೀಕರಣದ ರೀತಿಯೇ ಬದಲಾಯಿತು. ಎಲ್ಲಿ ಕ್ಯಾಮೆರಾ ಇಡಬೇಕು, ಯಾರನ್ನು ಮಾತಾಡಿಸಬೇಕು, ಯಾವ ಹೊತ್ತಿಗೆ ಹೋಗಬೇಕು ಎಲ್ಲವೂ ಅದರಿಂದಲೇ ತೀರ್ಮಾನ ಆಗುತ್ತಿತ್ತು.

ಮೊದಲು ನೋಡುವುದು ಹೆಂಚು. ಕರಾವಳಿ, ಮಲೆನಾಡಿನಲ್ಲಿ ಅಟ್ಟಕ್ಕೆ ಹತ್ತಿ ಟಾರ್ಚ್ ಬಿಟ್ಟರೆ ಹೆಂಚಿನ ಒಳಮೈಯಲ್ಲಿ ಅಚ್ಚೊತ್ತಿದ ಕಾರ್ಖಾನೆಯ ಹೆಸರು ಸಿಗುತ್ತದೆ. ಮಂಗಳೂರು ಹೆಂಚನ್ನು ಶುರು ಮಾಡಿದ್ದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ. ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ 1865ರಲ್ಲಿ ನೇತ್ರಾವತಿ ದಡದ ಜೇಡಿಮಣ್ಣು ನಂಬಿ ಕಾರ್ಖಾನೆ ಹಾಕಿದರು. ಹಾಗಾಗಿ ಮಂಗಳೂರು ಹೆಂಚಿನ ಸೂರು ಯಾವುದೇ ಆದರೂ 1865ಕ್ಕಿಂತ ಹಿಂದೆ ಹೋಗುವುದಿಲ್ಲ. ಇಲ್ಲೊಂದು ತಮಾಷೆ ಇದೆ. ಹೆಂಚಿನ ಮೇಲೆ 1865 ಅಂತಲೇ ಅಚ್ಚು ಇರುತ್ತದೆ. ಮನೆಯವರು ಹೆಂಚು ತೆಗೆದು ತೋರಿಸಿ "ನೋಡಿ, ಇಸವಿ ಬರೆದಿದೆ" ಅನ್ನುತ್ತಾರೆ. ಅದು ಕಾರ್ಖಾನೆ ಹುಟ್ಟಿದ ಇಸವಿ. ಸೋಪಿನ ಡಬ್ಬಿಯ ಮೇಲೆ ಕಂಪನಿ ಶುರುವಾದ ವರ್ಷ ಇರುತ್ತದಲ್ಲ, ಹಾಗೆ. ಹೆಂಚು ಸುಟ್ಟದ್ದು ಅದಾದ ಎಷ್ಟೋ ವರ್ಷಕ್ಕೆ ಇರಬಹುದು.

ಅದೇ ಹೆಂಚಿನ ಮೇಲೆ ಕಾಮನ್‌ವೆಲ್ತ್ ಅಂತ ಇದ್ದರೆ ನಮ್ಮ ಕೆಲಸ ಸುಲಭ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್‌ನ ಕಾರ್ಖಾನೆಗಳನ್ನು ಶತ್ರುಗಳ ಆಸ್ತಿ ಅಂತ ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಅಂದರೆ ಆ ಹೆಂಚು ಯುದ್ಧ ಮುಗಿದ ಮೇಲಿನದು. ಮಲೆನಾಡಿನ ಅಟ್ಟದಲ್ಲಿ ಕೂತು ಯುರೋಪಿನ ಯುದ್ಧದ ಕಥೆ ಹೇಳಲು ಇದಕ್ಕಿಂತ ಒಳ್ಳೆ ನೆಪ ಬೇಕಾ? ಒಂದು ಕಂತಿನ ಮೊದಲ ಮೂರು ನಿಮಿಷ ಬರೀ ಒಂದು ಹೆಂಚು ಇಟ್ಟುಕೊಂಡೇ ಮಾಡಿದೆವು. ಅಟ್ಟದಲ್ಲಿ ಕೂಲಿಂಗ್ ಇಲ್ಲ, ಬಾವಲಿ ಹಿಕ್ಕೆ, ಜೊತೆಗೆ ಧೂಳು. ಕ್ಯಾಮೆರಾಮನ್ ಇವತ್ತಿಗೂ ಬೈಯ್ತಾನೆ.

ಆದರೆ ಹೆಂಚಿನಿಂದ ಸೂರಿನ ವಯಸ್ಸು ಮಾತ್ರ ತಿಳಿಯುತ್ತದೆ. ಅದಕ್ಕೂ ಮೊದಲು ಸೋಗೆಯೋ ಹುಲ್ಲೋ ನಾಡಹೆಂಚೋ ಇದ್ದಿರಬಹುದು. ಹಾಗಾಗಿ ಕಂಬ, ತೊಲೆ, ಗೋಡೆ, ಗೋಡೆಯ ಮೇಲಿನ ಪಟ ಎಲ್ಲವನ್ನೂ ಬೇರೆ ಬೇರೆ ನೋಡಬೇಕು. ಜಗಲಿಯಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿ ಇಲ್ಲದ ಹಳೇ ಮನೆಯೇ ಅಪರೂಪ. ರವಿವರ್ಮ ಮುಂಬೈನಲ್ಲಿ ತನ್ನ ಪ್ರೆಸ್ ಶುರು ಮಾಡಿದ್ದು 1894ರಲ್ಲಿ. ಆಮೇಲೆ ಅದು ಲೋನಾವಳ ಹತ್ತಿರದ ಮಳವಲಿಗೆ ಹೋಯಿತು. ಪಟದ ಕೆಳಗಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಪ್ರೆಸ್‌ನ ಹೆಸರು, ಊರು ಇರುತ್ತದೆ. ಚೌಕಟ್ಟಿನ ಗಾಜಿನಲ್ಲಿ ನಮ್ಮದೇ ಬಿಂಬ ಬೀಳದ ಹಾಗೆ ಕ್ಯಾಮೆರಾ ಹಿಂದೆ ಕಪ್ಪು ಕಂಬಳಿ ಹಿಡಿದು ಆ ಅಂಚಿನ ಕ್ಲೋಸ್ ಅಪ್ ತೆಗೆಯುತ್ತೇವೆ. ಲಕ್ಷ್ಮಿಯ ಮುಖಕ್ಕಿಂತ ಆ ಒಂದು ಸಾಲಿಗೆ ಜಾಸ್ತಿ ಹೊತ್ತು ಕೊಟ್ಟಿದ್ದೇವೆ.

ಬರಹ ಸಿಕ್ಕರೆ ಕೆಲಸ ಸುಲಭ ಅಂದುಕೊಳ್ಳಬೇಡಿ. ಒಂದು ಮನೆಯ ಬಾಗಿಲ ಪಟ್ಟಿಯಲ್ಲಿ "ಪಾರ್ಥಿವ ಸಂವತ್ಸರ" ಅಂತ ಕೆತ್ತಿತ್ತು, ಶಕ ವರ್ಷ ಇರಲಿಲ್ಲ. ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಪಾರ್ಥಿವ 1945ರಲ್ಲೂ ಬಂತು, 1885ರಲ್ಲೂ ಬಂತು, 1825ರಲ್ಲೂ ಬಂತು. ಶಕ ವರ್ಷ ಇದ್ದಿದ್ದರೆ 78 ಕೂಡಿಸಿ ಮುಗಿಸಬಹುದಿತ್ತು. ಅಜ್ಜನ ಕಾಲಕ್ಕೇ ಮನೆ ಹಳೆಯದಾಗಿತ್ತು, ಹಾಗಾಗಿ 1945 ಬಿಟ್ಟುಹೋಯಿತು. ಉಳಿದ ಎರಡರಲ್ಲಿ ಅಣ್ಣ 1825 ಅಂದರು, ತಮ್ಮ 1885 ಅಂದರು. ಇಬ್ಬರೂ ಕ್ಯಾಮೆರಾ ಮುಂದೆ ವಾದಕ್ಕಿಳಿದರು. ನಾವು ತೀರ್ಪು ಕೊಡಲಿಲ್ಲ, ಇಬ್ಬರ ವಾದವನ್ನೂ ಹಾಗೇ ಇಟ್ಟೆವು. ಆ ಸರಣಿಯಲ್ಲಿ ಜನ ಜಾಸ್ತಿ ಮಾತಾಡಿಕೊಂಡದ್ದು ಆ ಜಗಳದ ಬಗ್ಗೆಯೇ.

ಕೆಲವು ಮನೆಗಳಲ್ಲಿ ಕಡತ ಇರುತ್ತದೆ. ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲ ಪುಡಿ ಮೆತ್ತಿ ಕಪ್ಪು ಮಾಡಿ, ಬಳಪದಲ್ಲಿ ಬರೆದ ಮಡಿಕೆ ಪುಸ್ತಕ. ಅದನ್ನು ತೆರೆಯಲು ನಾವು ಕೈ ಹಾಕುವುದಿಲ್ಲ. ಮನೆಯವರೇ ಬಿಚ್ಚಬೇಕು, ಅದೂ ಚಾಪೆಯ ಮೇಲೆ. ಬಳಪದ ಅಕ್ಷರ ಬೆರಳು ತಾಗಿದರೆ ಅಳಿಸಿ ಹೋಗುತ್ತದೆ. ನೇರ ಲೈಟ್ ಹಾಕಿದರೆ ಕಪ್ಪು ಮೈ ಹೊಳೆದು ಅಕ್ಷರ ಮಾಯ. ಪಕ್ಕದಿಂದ, ತುಂಬಾ ತಗ್ಗಿನಿಂದ ಒಂದೇ ಸಣ್ಣ ಲೈಟ್ ಬಿಟ್ಟರೆ ಬಳಪದ ಗೆರೆ ಎದ್ದು ನಿಲ್ಲುತ್ತದೆ.

ಇಷ್ಟೆಲ್ಲ ಮಾಡಬೇಕಾದರೆ ಮೊದಲು ಮನೆಯೊಳಗೆ ಬಿಡಬೇಕಲ್ಲ. ಹಳೇ ಮನೆಗೆ ಒಬ್ಬ ಯಜಮಾನ ಅಂತ ಇರುವುದು ಕಡಿಮೆ. ಪಾಲುದಾರರು ಹತ್ತಾರು ಜನ, ಒಬ್ಬರು ಹೂಂ ಅಂದರೆ ಇನ್ನೊಬ್ಬರಿಗೆ ಬೇಸರ. ಕೊಡಗಿನಲ್ಲಿ ಇದು ಸ್ವಲ್ಪ ಸಲೀಸು. ಐನ್‌ಮನೆ ಅಂದರೆ ಮೂಲ ಮನೆ, ಅದು ಒಂದೇ ಮನೆತನದವರ ಇಡೀ ಒಕ್ಕಕ್ಕೆ ಸೇರಿದ್ದು, ಒಕ್ಕದ ಹಿರಿಯ ಪಟ್ಟೆದಾರ ಒಪ್ಪಿದರೆ ದಾರಿ ಸಿಕ್ಕ ಹಾಗೆ. ಆದರೂ ವಾಟ್ಸಾಪ್ ಗ್ರೂಪಿನಲ್ಲಿ ಬೆಂಗಳೂರಿನವರು, ದುಬೈನವರು, ಅಮೆರಿಕದವರು ಎಲ್ಲರೂ ಒಂದೊಂದು ಮಾತು ಹೇಳಿದ ಮೇಲೇ ಕೆಲಸ. ನಾವು ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ಹೋಗಲು ನೋಡುತ್ತೇವೆ. ಆಗ ಒಕ್ಕದವರು ಮನೆಗೆ ಬಂದಿರುತ್ತಾರೆ, ಮನೆಯ ನಡುಕೋಣೆ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಉರಿಯುತ್ತಿರುತ್ತದೆ, ಜಗಲಿಯ ಕಂಬಗಳ ನಡುವಿನ ಐಮರ ಎಂಬ ಮರದ ಹಲಗೆಯ ಮೇಲೆ ಹಿರಿಯರು ಕೂತಿರುತ್ತಾರೆ. ಬೇರೆ ದಿನ ಹೋದರೆ ಬೀಗ ಹಾಕಿದ ಕೋಣೆಗಳನ್ನು ಶೂಟ್ ಮಾಡಿಕೊಂಡು ಬರಬೇಕು.

ಕೊಡಗಿನ ಮನೆಗಳಿಗೆ ಹೋಗುವ ಮೊದಲು ಅಲ್ಲಿನ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ನೋಡಿ ಹೋದೆವು. ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792ರಿಂದ 94ರ ನಡುವೆ ಕಟ್ಟಿಸಿದ ಅರಮನೆ ಅದು. ಕಾಲ ಗೊತ್ತಿರುವ ಮರಗೆಲಸ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗಲಿ ಅಂತ. ಕೆತ್ತನೆ ಒಂದೇ ತರ ಇದೆ ಅಂದ ಮಾತ್ರಕ್ಕೆ ಕಾಲವೂ ಒಂದೇ ಅಂತ ಹೇಳೋಕಾಗಲ್ಲ, ಅದು ಬೇರೆ ಮಾತು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಗ್ರಾಮಕ್ಕೂ, ಚೆನ್ನೈ ಹತ್ತಿರದ ದಕ್ಷಿಣಚಿತ್ರ ಎಂಬ ವಸ್ತುಸಂಗ್ರಹಾಲಯದಲ್ಲಿರುವ ಇಳಕಲ್ ನೇಕಾರರ ಮನೆಗೂ ಹೋಗಿದ್ದೆವು. ಮರದ ಜೋಡಣೆ ನಿಧಾನಕ್ಕೆ ನೋಡಲು ಅಂಥ ಜಾಗ ಬೇಕು. ಆದರೆ ಸರಣಿಗೆ ಅವನ್ನು ಬಳಸಲಿಲ್ಲ. ಒಲೆ ಉರಿಯದ ಮನೆ ನನಗೆ ಬೇಡವಾಗಿತ್ತು.

ಬೆಳಕಿನ ವಿಷಯಕ್ಕೆ ಬರೋಣ. ತೊಟ್ಟಿ ಮನೆಯಲ್ಲಿ ಮಧ್ಯಾಹ್ನ ಕ್ಯಾಮೆರಾ ಹಿಡಿದರೆ ತೊಟ್ಟಿ ಬೆಳ್ಳಗೆ ಸುಟ್ಟುಹೋಗುತ್ತದೆ, ಸುತ್ತಲ ಜಗಲಿ ಕಪ್ಪಾಗಿ ಮುಚ್ಚಿಹೋಗುತ್ತದೆ. ಮೋಡ ಮುಸುಕಿದ ದಿನ ಇದ್ದರೆ ಪುಣ್ಯ. ಇಲ್ಲದಿದ್ದರೆ ಬೆಳಗ್ಗೆ 9ರೊಳಗೆ ತೊಟ್ಟಿಯ ಕೆಲಸ ಮುಗಿಸಿ, ಬಿಸಿಲೇರಿದ ಮೇಲೆ ಮುಚ್ಚಿಗೆಯ, ಅಂದರೆ ಮರದ ಒಳಮಾಡಿನ ಕೆತ್ತನೆ ತೆಗೆಯುತ್ತೇವೆ. ಅದಕ್ಕೆ ಬೇಕಾದ್ದು ಒಂದು ಬಿಳಿ ಪಂಚೆ. ಬಿಸಿಲು ಬೀಳುವ ಜಾಗದಲ್ಲಿ ನೆಲಕ್ಕೆ ಹಾಸಿದರೆ ಬೆಳಕು ಕೆಳಗಿನಿಂದ ಮೇಲೆ ಚಿಮ್ಮಿ ಮರದ ಹೂವು, ಗಿಳಿ, ಬಳ್ಳಿ ಎಲ್ಲ ಮೃದುವಾಗಿ ಕಾಣುತ್ತವೆ. ಬಾಡಿಗೆ ಲೈಟ್‌ಗೆ ಆ ಗುಣ ಇಲ್ಲ. ಮನೆಯ ವೋಲ್ಟೇಜಿಗೆ ದೊಡ್ಡ ಲೈಟ್ ತಡೆಯುವುದೂ ಇಲ್ಲ. ಅಗ್ಗದ ಎಲ್‌ಇಡಿ ಬಲ್ಬುಗಳನ್ನು ಮಾತ್ರ ಆರಿಸಿಬಿಡಿ. ನಮ್ಮ ಕರೆಂಟ್ 50 ಹರ್ಟ್ಜ್, ಶಟರ್ 1/50ಕ್ಕೆ ಇಟ್ಟರೂ ಕೆಲವು ಬಲ್ಬು ಮಿನುಗಿ ಶಾಟ್ ಹಾಳು ಮಾಡುತ್ತವೆ.

ಬಾಗಲಕೋಟೆ, ಬಾದಾಮಿ ಕಡೆಯ ಮಾಳಿಗೆ ಮನೆಯಲ್ಲಿ ಲೆಕ್ಕವೇ ಬೇರೆ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಕಿಟಕಿ ಇಲ್ಲ ಅನ್ನುವಷ್ಟು ಕಡಿಮೆ. ಮುಂದಿನ ಭಾಗದಲ್ಲಿ ದನ, ಮೇಲಿನ ಕಟ್ಟೆಯಲ್ಲಿ ಜನ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲಿನಷ್ಟು ಬಿಸಿಲು ಒಳಗೆ ಬೀಳುತ್ತದೆ. ಒಲೆಯ ಹೊಗೆ ಇದ್ದರೆ ಆ ಬಿಸಿಲ ಕೋಲು ಕಣ್ಣಿಗೆ ಕಾಣುತ್ತದೆ. ಮನೆಯ ಹೆಂಗಸರು ಜೋಳ ಹಸನು ಮಾಡುವುದು ಸರಿಯಾಗಿ ಅದರ ಕೆಳಗೇ. ಬಿಸಿಲು ಸರಿದ ಹಾಗೆ ಅವರೂ ಮೊರ ಎಳೆದುಕೊಂಡು ಸರಿಯುತ್ತಾರೆ. ನಾವು ಟ್ರೈಪಾಡ್ ಒಂದು ಮೂಲೆಯಲ್ಲಿಟ್ಟು, ಎಕ್ಸ್‌ಪೋಷರ್ ಆ ಕೋಲಿಗೆ ಹೊಂದಿಸಿ, ಉಳಿದದ್ದೆಲ್ಲ ಕತ್ತಲೆಗೇ ಬಿಟ್ಟೆವು. ಪ್ರಸಾರದವರು "ಕತ್ತಲೆ ಜಾಸ್ತಿ ಆಯ್ತು, ಬ್ರೈಟ್ ಮಾಡಿ" ಅಂದರು. ಆ ಮನೆ ಇರುವುದೇ ಕತ್ತಲೆಯಲ್ಲಿ, ಉರಿಬಿಸಿಲಿನ ಊರಲ್ಲಿ ತಂಪಿಗೆ ಅಂತ ಕಟ್ಟಿದ್ದು ಅಂತ ವಾದ ಮಾಡಿ ಉಳಿಸಿಕೊಂಡೆ.

ಅದೇ ಮನೆಯಲ್ಲಿ ಹಗೇವು ಇತ್ತು, ನೆಲದೊಳಗಿನ ಜೋಳದ ಕಣಜ. ನಮ್ಮ ಹುಡುಗ ಸಣ್ಣ ಕ್ಯಾಮೆರಾ ಹಿಡಿದು ಇಳಿಯಲು ಹೊರಟ. ಮನೆಯ ಹಿರಿಯರು ತೋಳು ಹಿಡಿದು ನಿಲ್ಲಿಸಿದರು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದವನು ಉಸಿರು ಕಟ್ಟಿ ಸಾಯಬಹುದು. ಮೊದಲು ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಆರದಿದ್ದರೆ ಮಾತ್ರ ಮನುಷ್ಯ. ನಾವು ಹುಡುಗನ ಬದಲು ದೀಪ ಇಳಿಯುವುದನ್ನೇ ಶೂಟ್ ಮಾಡಿದೆವು.

ಧ್ವನಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫ್ರಿಜ್ ಆಫ್ ಮಾಡಿಸಿ, ಮತ್ತೆ ಆನ್ ಮಾಡಲು ಮರೆಯದಿರಲು ಕಾರಿನ ಕೀ ಅದರೊಳಗೇ ಇಡಿ. ಮಲೆನಾಡಿನ ಜೀರುಂಡೆಗೆ ಮಾತ್ರ ಯಾವ ಉಪಾಯವೂ ಇಲ್ಲ.

ಕಲೆಯ ಕಂತಿಗೆ ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಂಗಸರು ಮಣ್ಣಿನ ಗೋಡೆಗೆ ಬರೆಯುತ್ತಿದ್ದ ಚಿತ್ತಾರ ಆರಿಸಿಕೊಂಡೆವು. ಈಗ ಮನೆಗಳಿಗೆ ಸಿಮೆಂಟ್ ಬಂದಿದೆ, ಆಯಿಲ್ ಪೇಂಟ್ ಬಂದಿದೆ. ದುಡ್ಡು ಕೊಟ್ಟು ಹಳೇ ಮಣ್ಣಿನ ಗೋಡೆಯ ಮೇಲೆ ಬರೆಸಿ ಶೂಟ್ ಮಾಡುವುದು ಸುಲಭ. ನನಗೆ ಅದು ಸರಿ ಕಾಣಲಿಲ್ಲ. ಭೂಮಿ ಹುಣ್ಣಿಮೆಗೆ ಮನೆಯ ಹೆಂಗಸರು ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಹೇಗೂ ಚಿತ್ತಾರ ಬರೀತಾರೆ, ಯಾರೂ ಹೇಳಬೇಕಾಗಿಲ್ಲ. ಹಬ್ಬದ ಮುಂಚೆ ಹೋಗಿ ಜಗಲಿಯಲ್ಲಿ ಕೂತೆವು. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿದ್ದರು. ಅಕ್ಕಿ ಅರೆದ ಬಿಳಿ, ಅಕ್ಕಿ ಹುರಿದು ಕರಿಕಾಗಿಸಿದ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಅಂದರೆ ಪುಂಡಿ ನಾರಿನ ನಾಲ್ಕು ಎಳೆ. ಆ ಅಮ್ಮ ನಾರನ್ನು ಬಿಳಿಗೆ ಅದ್ದಿ, ಬೆರಳಲ್ಲಿ ಒಮ್ಮೆ ಹಿಂಡಿ, ಉಸಿರು ಹಿಡಿದು ಗೆರೆ ಎಳೆಯುತ್ತಿದ್ದರು. ಗೆರೆ ಮುಗಿದ ಮೇಲೇ ಉಸಿರು. ನಾವು ಶಾಟ್ ಕತ್ತರಿಸದೆ ಒಂದು ಇಡೀ ಸಾಲು ಹಾಗೇ ಬಿಟ್ಟಿದ್ದೇವೆ. ಹಿನ್ನೆಲೆಗೆ ಸಂಗೀತವನ್ನೂ ಹಾಕಲಿಲ್ಲ, ಆಕೆಯ ಉಸಿರು ಕೇಳಲಿ ಅಂತ.

ನಿರೂಪಣೆ ಬರೆಯುವುದು ಎಡಿಟಿಂಗ್ ಆದ ಮೇಲೆ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ನಮಗೆ ಉಳಿಯುವುದು 22-23 ನಿಮಿಷ. ಕನ್ನಡದ ಪದಗಳು ಉದ್ದ, ವಾಕ್ಯ ತುಂಬಿಸಿದರೆ ಓದುವವರು ಓಡಬೇಕಾಗುತ್ತದೆ. ಕಾಣುತ್ತಿರುವುದನ್ನು ಹೇಳುವುದಿಲ್ಲ. ಕಂಬ ಕಾಣುತ್ತಿರುವಾಗ "ಇದೋ ಸುಂದರ ಕಂಬ" ಯಾಕೆ? ನಮ್ಮ ಸ್ಕ್ರಿಪ್ಟಿನಲ್ಲಿ "ಗತವೈಭವ" ಅಂತ ಬರೆದವರು ಎಲ್ಲರಿಗೂ ಟೀ ಕೊಡಿಸಬೇಕು.

ಪ್ರಸಾರ ಆದ ಮೇಲೆ ಏನಾಗುತ್ತದೆ ಅನ್ನುವುದನ್ನೂ ಯೋಚಿಸಬೇಕು. ಒಳ್ಳೆ ಕೆತ್ತನೆಯ ಕಂಬ ಟಿವಿಯಲ್ಲಿ ಬಂದರೆ ಸಾಕು, ಹಳೇ ಮರ, ಹಿತ್ತಾಳೆ ಕೊಳ್ಳುವ ದಲ್ಲಾಳಿಗಳು ಬಾಗಿಲಿಗೆ ಬರುತ್ತಾರೆ. ಹೊರನಾಡಿನಲ್ಲಿರುವ ಪಾಲುದಾರರಿಗೆ ಫೋನ್ ಹೋಗುತ್ತದೆ. ಅದಕ್ಕೇ ಊರಿನ ಹೆಸರು ಹೇಳಬೇಕಾ ಬೇಡವಾ ಅನ್ನುವುದನ್ನು ಮನೆಯವರಿಗೇ ಬಿಡುತ್ತೇವೆ. ದೇವರ ಕೋಣೆಯ ವಿಗ್ರಹ, ಬಾಗಿಲ ಅಗುಳಿ, ಹಿತ್ತಿಲ ದಾರಿ ತೋರಿಸುವುದಿಲ್ಲ. ಡ್ರೋನ್ ಹಾರಿಸಿದರೂ ಊರಿನ ಗುರುತು ಸಿಗುವ ಹಾಗೆ ಹಾರಿಸುವುದಿಲ್ಲ.

ಎಡಿಟ್ ಮುಗಿದ ಕಂತನ್ನು ಮೊದಲು ಮನೆಯವರಿಗೆ ತೋರಿಸುತ್ತೇವೆ. ಅವರು ಬೇಡ ಅಂದ ಶಾಟ್ ತೆಗೆಯುತ್ತೇವೆ, ಅದರಲ್ಲಿ ಎರಡು ಮಾತಿಲ್ಲ. ಮನೆಯ ವಯಸ್ಸಿನ ವಿಷಯದಲ್ಲಿ ಮಾತ್ರ ಚೌಕಾಶಿ ನಡೆಯುತ್ತದೆ. ನಾನೂರು ವರ್ಷ ಅನ್ನುವುದನ್ನು ಯಜಮಾನರು ತಮ್ಮ ಬಾಯಲ್ಲೇ ಹೇಳಬಹುದು, ಅದನ್ನು ಕತ್ತರಿಸುವುದಿಲ್ಲ. ಅದರ ಹಿಂದೆಯೇ ಹೆಂಚಿನ ಶಾಟ್ ಬರುತ್ತದೆ. ಅದಕ್ಕೂ ಅವರು ಒಪ್ಪಬೇಕು. ಹೆಚ್ಚಿನವರು ಒಪ್ಪಿದ್ದಾರೆ, ಒಂದೆರಡು ಮನೆಯವರು ಒಪ್ಪಲಿಲ್ಲ. ಅವರ ಕಂತು ಹಾರ್ಡ್ ಡಿಸ್ಕಿನಲ್ಲೇ ಇದೆ.